ಬೇರುನಾಳ ಚಿಕಿತ್ಸೆಯ ಆಯುಷ್ಯ: 'ಯಶಸ್ಸು' ಎಂಬ ಮಾತಿನ ವಿಮರ್ಶೆ

ಹುಳುಕು ಹಿಡಿದ ಹಲ್ಲಿನ ಒಳತಿರುಳನ್ನು ತೆಗೆದುಹಾಕಿ, ಅದರ ಬೇರಿನೊಳಗಣ ನಾಳಗಳನ್ನು ಶೋಧಿಸಿ, ತೊಳೆದು, ಮತ್ತೆ ಭದ್ರವಾಗಿ ತುಂಬಿ ಮುಚ್ಚುವ ಕ್ರಮಕ್ಕೆ ಬೇರುನಾಳ ಚಿಕಿತ್ಸೆಯೆಂದು ಹೆಸರು. ವ್ಯವಹಾರದಲ್ಲಿ ಎಲ್ಲರೂ ಇದನ್ನು 'ರೂಟ್ ಕೆನಾಲ್' ಎಂದೇ ಕರೆಯುತ್ತಾರೆ. 'ನರ ತೆಗೆಸುವುದು' ಎಂಬ ಮಾತೂ ಬಳಕೆಯಲ್ಲಿದೆ. ಈ ಚಿಕಿತ್ಸೆಯನ್ನು ಪಡೆದ ಹಲ್ಲು ಎಷ್ಟು ಕಾಲ ಬಾಯಲ್ಲಿ ನಿಲ್ಲುತ್ತದೆ, ನಿಂತಷ್ಟು ಕಾಲ ಅದರ ಸ್ಥಿತಿಯೇನು, ನಿಲ್ಲದೆ ಹೋದರೆ ಮುಂದಿನ ಗತಿಯೇನು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಹೊರಟ ಸಂಶೋಧನ ಸಾಹಿತ್ಯ ಕಳೆದ ಎಪ್ಪತ್ತು ವರ್ಷಗಳಲ್ಲಿ ವಿಪುಲವಾಗಿ ಬೆಳೆದಿದೆ. ವಿಪುಲವಾಗಿದೆಯೇ ಹೊರತು ಅದು ಏಕವಾಕ್ಯವಾಗಿಲ್ಲ. ೨೦೦೪ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದ ಪ್ರಕಾರ ಎಂಟು ವರ್ಷಗಳ ಮೇಲೆಯೂ ಇಂಥ ಹಲ್ಲುಗಳಲ್ಲಿ ಶೇಕಡ ೯೭ ಬಾಯಲ್ಲಿ ಉಳಿದಿರುತ್ತವೆ. ೨೦೨೨ರಲ್ಲಿ ಪ್ರಕಟವಾದ ಮತ್ತೊಂದರ ಪ್ರಕಾರ ಇವುಗಳ ಆಯುಷ್ಯದ ಮಧ್ಯಾಂಕ ಸುಮಾರು ೧೧ ವರ್ಷ. ಎಂದರೆ ಅರ್ಧದಷ್ಟು ಹಲ್ಲುಗಳು ಅಷ್ಟರೊಳಗೇ ತಮ್ಮ ಅವಧಿಯನ್ನು ಮುಗಿಸುತ್ತವೆ. ಎರಡೂ ಅಮೆರಿಕದಲ್ಲಿ ನಡೆದುವು. ಎರಡೂ ದೊಡ್ಡ ದಾಖಲೆಗಳನ್ನು ಆಧರಿಸಿದುವು. ಎಂಟನೆಯ ವರ್ಷಕ್ಕೆ ನೂರರಲ್ಲಿ ಮೂರು ಮಾತ್ರ ಬಿದ್ದ ಹಲ್ಲುಗಳಲ್ಲಿ ಮುಂದಿನ ಮೂರೇ ವರ್ಷಕ್ಕೆ ಐವತ್ತು ಬೀಳುವುದೆಂದರೆ ಅದು ಹಲ್ಲಿನ ಸ್ವಭಾವವಲ್ಲ. ವಿರೋಧವಿರುವುದು ಸಂಖ್ಯೆಗಳಲ್ಲಿ, ಅದಕ್ಕಿಂತ ಮುಖ್ಯವಾಗಿ ಸಂಖ್ಯೆಗಳ ಹಿಂದೆ ನಿಂತ ಮಾತುಗಳಲ್ಲಿ. ಆ ಮಾತುಗಳನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇದು ದಂತವೈದ್ಯರ ಒಳಗಣ ವಿವಾದ, ಅನ್ಯರಿಗೆ ಇದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಚಾಮರಾಜನಗರ ತಾಲ್ಲೂಕಿನ ಕುದೇರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜಿಲ್ಲಾ ಹಾಲು ಒಕ್ಕೂಟದ ಡೈರಿಯಿಂದಾಗಿ ಸುತ್ತಣ ಸೀಮೆಗೆಲ್ಲ ಪರಿಚಿತವಾದ ಗ್ರಾಮ ಅದು. ಅಲ್ಲಿನ ಸೀಮೆಯಲ್ಲಿ ಎರಡು ಹಸು ಕಟ್ಟಿಕೊಂಡು ಹೊತ್ತಿಗೆ ಸರಿಯಾಗಿ ಹಾಲು ಹಾಕುವ ರೈತನಿಗೆ ದವಡೆ ಹಲ್ಲು ನೋಯುತ್ತದೆ ಎಂದಿಟ್ಟುಕೊಳ್ಳಿ. ಕೀಳಿಸಿದರೆ ಒಂದೇ ದಿನದಲ್ಲಿ, ಅಲ್ಪ ಹಣದಲ್ಲಿ ಕೆಲಸ ಮುಗಿಯುತ್ತದೆ. ಬೇರುನಾಳ ಚಿಕಿತ್ಸೆಯಾದರೆ ಹಲವು ಸಲ ಪಟ್ಟಣಕ್ಕೆ ಓಡಾಡಬೇಕು. ಮೇಲೆ ಕ್ಯಾಪ್ ಹಾಕಿಸುವುದಾದರೆ ಮತ್ತೆರಡು ಸಲ. ಹಾಲು ಕರೆಯುವ ಎರಡು ಹೊತ್ತಿನ ನಡುವೆಯೇ ಈ ಪ್ರಯಾಣವೆಲ್ಲ ಮುಗಿಯಬೇಕು. ಇಷ್ಟು ಹಣ, ಇಷ್ಟು ದಿನ, ಇಷ್ಟು ಕೂಲಿಯನ್ನು ಕಳೆದುಕೊಂಡು ತಾನು ಕೊಳ್ಳುತ್ತಿರುವುದು ಐದು ವರ್ಷವೋ ಇಪ್ಪತ್ತು ವರ್ಷವೋ ಎಂಬುದು ಅವನಿಗೆ ತಿಳಿಯಬೇಡವೇ? ಅವನಿಗೆ ದೊರೆಯುವ ಉತ್ತರವಾದರೋ ಸಾಮಾನ್ಯವಾಗಿ ಮೇಲೆ ಹೇಳಿದ ಶೇಕಡ ೯೭ರ ಮಾದರಿಯದು. ಆ ಸಂಖ್ಯೆ ಯಾವ ಜನರಿಂದ, ಯಾವ ಅರ್ಥದಲ್ಲಿ ಹುಟ್ಟಿತೆಂಬುದನ್ನು ಹೇಳದೆ ಅದನ್ನು ಕುದೇರಿಗೆ ತಂದು ಒಪ್ಪಿಸುವುದು ನ್ಯಾಯವಲ್ಲ.

ಮೊದಲು ವ್ಯಾಧಿಯ ಹೆಸರನ್ನೇ ನೋಡಬಹುದು. ಹುಳುಕು ಎಂಬ ಮಾತಿನಲ್ಲಿಯೇ ಹುಳು ಇದೆ. ಸಂಸ್ಕೃತ ವೈದ್ಯಗ್ರಂಥಗಳ 'ಕೃಮಿದಂತ' ಎಂಬ ಶಬ್ದದಲ್ಲಿಯೂ ಅದೇ ಕಲ್ಪನೆ ಅಡಗಿದೆ. ಹಲ್ಲಿನಿಂದ ಹುಳು ತೆಗೆದು ತೋರಿಸುತ್ತೇವೆಂದು ಸಂತೆಗಳಲ್ಲಿ ಕುಳಿತವರ ವೃತ್ತಿಗೆ ಈ ಕಲ್ಪನೆಯೇ ಬಂಡವಾಳವಾಗಿದ್ದಿತು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಹಲ್ಲಿನ ಪೊಟರೆಯನ್ನು ಬೆಲ್ಲದಿಂದಲೋ ಜೇನುಮೇಣದಿಂದಲೋ ತುಂಬಿ ಸುಡಬೇಕೆಂಬ ವಿಧಾನವಿದೆ. ಒಳಗಿನ ರೋಗವನ್ನು ನಾಶಮಾಡಿ ಪೊಳ್ಳನ್ನು ತುಂಬಬೇಕೆಂಬ ಇಂದಿನ ಚಿಕಿತ್ಸೆಯ ತತ್ತ್ವಕ್ಕೆ ಇದು ದೂರದ ನೆಂಟನಂತೆ ತೋರುತ್ತದೆ. ಆದರೆ ಅಷ್ಟರಿಂದ ನಮ್ಮ ಪೂರ್ವಿಕರಿಗೆ ರೂಟ್ ಕೆನಾಲ್ ತಿಳಿದಿತ್ತೆಂದು ಘೋಷಿಸುವ ಉತ್ಸಾಹ ಬೇಡ. ಇದಕ್ಕಿಂತ ಸ್ವಾರಸ್ಯವಾದುದು ಸುಶ್ರುತನ ಎಚ್ಚರಿಕೆ. ಮೇಲಿನ ಸಾಲಿನ ಭದ್ರವಾದ ಹಲ್ಲನ್ನು ಬೇರುಸಹಿತ ಕಿತ್ತರೆ ರಕ್ತ ಅತಿಯಾಗಿ ಹೋಗಿ ಕಣ್ಣಿಗೆ ಕೇಡು, ಮುಖಕ್ಕೆ ವಾತ ಉಂಟಾಗುವುದೆಂದೂ, ಆದುದರಿಂದ ಅಲುಗಾಡುತ್ತಿದ್ದರೂ ಮೇಲಿನ ಹಲ್ಲನ್ನು ಕೀಳಬಾರದೆಂದೂ ಅವನು ಹೇಳುತ್ತಾನೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಜೀವಂತವಾಗಿದೆ. ದೃಷ್ಟಿಯ ನರಕ್ಕೂ ಹಲ್ಲಿನ ನರಕ್ಕೂ ಇಂಥ ಸಂಬಂಧವಿಲ್ಲವೆಂಬುದು ಶರೀರಶಾಸ್ತ್ರದ ಪ್ರಾಥಮಿಕ ಪಾಠ. ಆದರೂ ಹಲ್ಲನ್ನು ಕೀಳುವುದು ಲಘುವಾದ ನಿರ್ಧಾರವಲ್ಲವೆಂಬ ಭಾವನೆಯನ್ನು ಈ ನಂಬಿಕೆ ಕಾಪಾಡಿಕೊಂಡು ಬಂದಿದೆ ಎನ್ನಬಹುದು.

ಹುಳುವಿನ ಕಲ್ಪನೆಯನ್ನು ಪ್ಯಾರಿಸಿನ ಪಿಯರ್ ಫೋಶಾರ್ ೧೭೨೮ರ ತನ್ನ ಗ್ರಂಥದಲ್ಲಿಯೇ ಸಂದೇಹಿಸಿದನು. ಸೂಕ್ಷ್ಮಜೀವಿಗಳು ಆ ಹುಳುವಿನ ಸ್ಥಾನಕ್ಕೆ ಬಂದದ್ದು ೧೮೯೦ರಲ್ಲಿ, ವಿಲ್ಲೋಬಿ ಮಿಲ್ಲರನ ಗ್ರಂಥದಿಂದ. ಆದರೆ ಹಲ್ಲಿನ ತಿರುಳು ಕೊಳೆಯುವುದಕ್ಕೆ ಅವುಗಳೇ ಕಾರಣವೆಂಬುದು ನಿಸ್ಸಂದೇಹವಾಗಿ ಸ್ಥಾಪಿತವಾದದ್ದು ೧೯೬೫ರಲ್ಲಿ. ಕಾಕೆಹಾಶಿ ಮತ್ತು ಅವರ ಸಂಗಡಿಗರು ಇಲಿಗಳ ಹಲ್ಲನ್ನು ಕೊರೆದು ತಿರುಳನ್ನು ಬಯಲುಮಾಡಿ ಹಾಗೆಯೇ ಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಕೀವುಗಟ್ಟಿತು. ಹುಟ್ಟಿದಂದಿನಿಂದ ಸೂಕ್ಷ್ಮಜೀವಿಗಳ ಸೋಂಕಿಲ್ಲದೆ ಬೆಳೆಸಿದ ಇಲಿಗಳಲ್ಲಿ, ಆಹಾರದ ಚೂರುಗಳು ತೂತಿನಲ್ಲಿ ತುಂಬಿಕೊಂಡಿದ್ದರೂ, ತಿರುಳು ಬದುಕಿಕೊಂಡು ತನ್ನ ಮೇಲೆ ತಾನೇ ಹೊಸ ದಂತದ್ರವ್ಯದ ಸೇತುವೆಯನ್ನು ಕಟ್ಟಿಕೊಂಡಿತು. ಈ ಪ್ರಯೋಗವನ್ನು ಇಲ್ಲಿ ಸ್ಮರಿಸಲು ಕಾರಣವಿದೆ. ಚಿಕಿತ್ಸೆಯ ಗುರಿ 'ನರ ತೆಗೆಯುವುದು' ಅಲ್ಲ, ಸೋಂಕನ್ನು ತೆಗೆಯುವುದು ಮತ್ತು ಅದು ಮರಳಿ ಬಾರದಂತೆ ಮುಚ್ಚುವುದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಜನರ ಮಾತಿನಲ್ಲಿ ಮೊದಲನೆಯದಷ್ಟೇ ಉಳಿದುಕೊಂಡಿದೆ. ನರ ಹೋಯಿತು, ನೋವು ನಿಂತಿತು, ಇನ್ನು ಕೆಲಸವೇನು ಎಂದು ರೋಗಿ ಅರ್ಧದಲ್ಲಿಯೇ ಎದ್ದುಹೋಗುವುದಕ್ಕೆ ಈ ಹೆಸರೂ ಒಂದು ಕಾರಣ. ನೋವಿನ ನಿವಾರಣೆ ಚಿಕಿತ್ಸೆಯ ಆರಂಭಕ್ಕೆ ಸೇರಿದ ಘಟನೆಯೇ ಹೊರತು ಅಂತ್ಯಕ್ಕೆ ಸೇರಿದುದಲ್ಲ.

ಈಗ 'ಯಶಸ್ಸು' ಎಂಬ ಮಾತಿಗೆ ಬರೋಣ. ಇದಕ್ಕೆ ಬಿಗಿಯಾದ ಲಕ್ಷಣವನ್ನು ಕೊಟ್ಟವನು ಸ್ವೀಡನ್ನಿನ ಸ್ಟ್ರಿಂಡ್‌ಬರ್ಗ್. ೧೯೫೬ರಲ್ಲಿ ಪ್ರಕಟವಾದ ಅವನ ಪ್ರಬಂಧದಂತೆ, ಹಲ್ಲಿನಲ್ಲಿ ನೋವು ಬಾವುಗಳಿಲ್ಲದಿದ್ದರೆ ಸಾಲದು. ಕ್ಷಕಿರಣ ಚಿತ್ರದಲ್ಲಿ ಬೇರಿನ ತುದಿಯ ಸುತ್ತಲಿನ ರೇಖೆಯೂ ಮೂಳೆಯೂ ಸಹಜಸ್ಥಿತಿಗೆ ಬಂದಿರಬೇಕು. ಕೊಂಚ ಕಡಿಮೆಯಾಗಿದೆ, ಗುಣಮುಖವಾಗಿದೆ ಎಂಬ ಮಧ್ಯದ ಮಾತುಗಳಿಗೆ ಅವನ ಅಳತೆಯಲ್ಲಿ ಯಶಸ್ಸೆಂಬ ಹೆಸರಿಲ್ಲ. ನಾಲ್ಕು ವರ್ಷ ಕಾದು ನೋಡದೆ ತೀರ್ಪು ಕೊಡಬಾರದೆಂಬುದು ಅವನ ಮತ. ಇದು ಕಠಿನವಾದ ಅಳತೆ. ಆದರೆ ಪ್ರಾಮಾಣಿಕವಾದ ಅಳತೆ. ಇದೇ ಸಂಪ್ರದಾಯದಲ್ಲಿ ೧೯೯೦ರಲ್ಲಿ ಉಮಿಯೊ ನಗರದ ಶೋಗ್ರೆನ್ ಮತ್ತು ಸಹೋದ್ಯೋಗಿಗಳು ೩೫೬ ಮಂದಿ ರೋಗಿಗಳನ್ನು ಎಂಟರಿಂದ ಹತ್ತು ವರ್ಷಗಳ ಮೇಲೆ ಮತ್ತೆ ಪರೀಕ್ಷಿಸಿದರು. ಚಿಕಿತ್ಸೆಗೆ ಮುಂಚೆ ಬೇರಿನ ತುದಿಯ ಮೂಳೆಗೆ ರೋಗ ಇಳಿಯದಿದ್ದ ಹಲ್ಲುಗಳಲ್ಲಿ ಶೇಕಡ ೯೬ಕ್ಕೂ ಹೆಚ್ಚು ಯಶಸ್ಸನ್ನು ಕಂಡುವು. ರೋಗ ಆಗಲೇ ಇಳಿದಿದ್ದ ಹಲ್ಲುಗಳಲ್ಲಿ ಇದು ೮೬ಕ್ಕೆ ಇಳಿಯಿತು. ಹಿಂದೊಮ್ಮೆ ಚಿಕಿತ್ಸೆಯಾಗಿ, ಅದು ಕೆಟ್ಟು, ರೋಗದೊಡನೆ ಮತ್ತೆ ಚಿಕಿತ್ಸೆಗೆ ಬಂದ ಹಲ್ಲುಗಳಲ್ಲಿ ೬೨ಕ್ಕೆ ಕುಸಿಯಿತು. ಒಂದೇ ಊರು, ವಿದ್ಯಾರ್ಥಿಗಳ ಕೈಗಳು, ಒಂದೇ ಕ್ರಮ. ವ್ಯತ್ಯಾಸವಿದ್ದದ್ದು ರೋಗಿ ಯಾವ ಹೊತ್ತಿನಲ್ಲಿ ಬಂದನೆಂಬುದರಲ್ಲಿ. ನಮ್ಮ ದೃಷ್ಟಿಯಲ್ಲಿ ಈ ಸಾಹಿತ್ಯವೆಲ್ಲದರಲ್ಲಿ ರೋಗಿಗೆ ಅತ್ಯಂತ ಉಪಯುಕ್ತವಾದ ಮೂರು ಸಂಖ್ಯೆಗಳು ಇವೇ. ದುರ್ದೈವದಿಂದ ಜನಪ್ರಿಯ ಬರಹಗಳಲ್ಲಿ ಇವು ಕಾಣುವುದಿಲ್ಲ. ಮೂರನ್ನೂ ಕಲಸಿ ಮಾಡಿದ ಒಂದು ಸರಾಸರಿ ಕಾಣುತ್ತದೆ.

ಮುಂದಿನ ದಶಕಗಳಲ್ಲಿ ಅಳತೆ ಬದಲಾಯಿತು. ಮೂಳೆ ಗುಣವಾಯಿತೇ ಎಂಬ ಪ್ರಶ್ನೆಯ ಸ್ಥಾನದಲ್ಲಿ ಹಲ್ಲು ಬಾಯಲ್ಲಿ ಇದೆಯೇ ಎಂಬ ಪ್ರಶ್ನೆ ಬಂದಿತು. ಇದನ್ನು 'ಉಳಿವು' ಎನ್ನಬಹುದು. ಹೀಗಾಗುವುದಕ್ಕೆ ಒಂದು ಲೌಕಿಕ ಕಾರಣವೂ ಇತ್ತು. ಬೇರುನಾಳ ಚಿಕಿತ್ಸೆಗೆ ಪ್ರತಿಸ್ಪರ್ಧಿಯಾಗಿ ದವಡೆಗೆ ಲೋಹದ ಬೇರನ್ನು ನೆಡುವ ಇಂಪ್ಲಾಂಟ್ ಪದ್ಧತಿ ಹಬ್ಬಿತು. ಆ ಪಕ್ಷದವರು ತಮ್ಮ ಫಲವನ್ನು ಉಳಿವಿನ ಲೆಕ್ಕದಲ್ಲಿ ಹೇಳುತ್ತಿದ್ದರು. ಸ್ಟ್ರಿಂಡ್‌ಬರ್ಗನ ಕಠಿನ ತಕ್ಕಡಿಯಲ್ಲಿ ತಮ್ಮನ್ನು ತೂಗಿಕೊಂಡು ಎದುರಾಳಿಯನ್ನು ಸಡಿಲ ತಕ್ಕಡಿಯಲ್ಲಿ ತೂಗಿದರೆ ಸೋಲು ಖಂಡಿತ. ಆದುದರಿಂದ ಇವರೂ ತಕ್ಕಡಿಯನ್ನು ಬದಲಾಯಿಸಿದರು. ಇದರಲ್ಲಿ ತಪ್ಪಿಲ್ಲ. ತನ್ನ ಹಲ್ಲು ಉಳಿಯಿತೇ, ಅಗಿಯಲು ಬರುತ್ತದೆಯೇ ಎಂಬುದೇ ರೋಗಿಗೂ ಬೇಕಾದ ಸಂಗತಿ. ತಪ್ಪಿರುವುದು ಉಳಿವಿನ ಸಂಖ್ಯೆಯನ್ನು ಯಶಸ್ಸಿನ ಹೆಸರಿನಲ್ಲಿ ಮಾರುವುದರಲ್ಲಿ. ಬಾಯಲ್ಲಿ ಉಳಿದ ಹಲ್ಲು ಆರೋಗ್ಯವಾಗಿಯೇ ಇರಬೇಕೆಂದಿಲ್ಲ. ಹಾಗೆಯೇ ಆರೋಗ್ಯವಾದ ಬೇರಿರುವ ಹಲ್ಲು ಮೇಲ್ಭಾಗ ಒಡೆದು ಹೋಗಿ ಕೀಳಬೇಕಾಗಿ ಬರಬಹುದು. ಇವೆರಡು ಬೇರೆಬೇರೆ ವಿಧಿಗಳು.

ಶೇಕಡ ೯೭ ಬಂದದ್ದು ಸಲೇಹ್ರಾಬಿ ಮತ್ತು ರೋಟ್‌ಸ್ಟೀನ್ ಅವರ ೨೦೦೪ರ ಅಧ್ಯಯನದಿಂದ. ೧೪,೬೨,೯೩೬ ಹಲ್ಲುಗಳ ಲೆಕ್ಕ! ಸಂಖ್ಯೆಯ ಗಾತ್ರಕ್ಕೆ ಓದುಗನು ಮೊದಲೇ ತಲೆಬಾಗುತ್ತಾನೆ. ಆದರೆ ಇವು ದಂತವಿಮೆಯ ಸಂಸ್ಥೆಯೊಂದರ ದಾಖಲೆಗಳು. ಯಾರೂ ಆ ಬಾಯಿಗಳನ್ನು ತೆರೆದು ನೋಡಲಿಲ್ಲ. ಹಣ ಸಂದಾಯವಾದ ಚೀಟಿಗಳನ್ನು ನೋಡಿದರು. ವಿಮೆಯ ಪುಸ್ತಕದಲ್ಲಿ ದಾಖಲಾಗದೆ ಕಿತ್ತ ಹಲ್ಲು ಇಂಥ ಅಧ್ಯಯನದ ಪಾಲಿಗೆ ಇನ್ನೂ ಬಾಯಲ್ಲಿಯೇ ಇರುತ್ತದೆ. ಅಲ್ಲದೆ ದಂತವಿಮೆ ಮಾಡಿಸಿಕೊಳ್ಳಬಲ್ಲವರು ಎಂಥವರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಹೋಲಿಸಿ ನೋಡತಕ್ಕದ್ದು ತೈವಾನಿನ ೨೦೦೭ರ ಅಧ್ಯಯನ. ಅಲ್ಲಿ ರಾಷ್ಟ್ರಕ್ಕೆಲ್ಲ ಒಂದೇ ಆರೋಗ್ಯವಿಮೆ ಇರುವುದರಿಂದ ಬಡವ ಬಲ್ಲಿದರಿಬ್ಬರೂ ಲೆಕ್ಕಕ್ಕೆ ಸಿಕ್ಕುತ್ತಾರೆ. ಹದಿನೈದು ಲಕ್ಷಕ್ಕೂ ಮಿಕ್ಕ ಹಲ್ಲುಗಳಲ್ಲಿ ಐದು ವರ್ಷಗಳ ಮೇಲೆ ಉಳಿದುವು ಶೇಕಡ ೯೨.೯. ಅಮೆರಿಕದಲ್ಲಿ ಎಂಟು ವರ್ಷಗಳಿಗೆ ಮೂರು ಬಿದ್ದರೆ ತೈವಾನಿನಲ್ಲಿ ಐದೇ ವರ್ಷಗಳಿಗೆ ಏಳು ಬಿದ್ದುವು. ಇನ್ನು ೨೦೨೨ರದು ಇಂಡಿಯಾನದ ಸಂಶೋಧಕರು ಸಾಮಾನ್ಯ ದಂತಚಿಕಿತ್ಸಾಲಯಗಳ ದಾಖಲೆಗಳಿಂದ, ೪೬ ಸಾವಿರಕ್ಕೂ ಮೀರಿದ ರೋಗಿಗಳನ್ನು ಕುರಿತು ಮಾಡಿದ ಅಧ್ಯಯನ. ಇದರ ದೋಷ ಎದುರು ದಿಕ್ಕಿನದು. ಹಲ್ಲು ಸುಖವಾಗಿರುವವನು ಹಲವು ವೇಳೆ ವೈದ್ಯನ ಬಾಗಿಲಿಗೆ ಮರಳುವುದಿಲ್ಲ. ದಾಖಲೆಯಲ್ಲಿ ಮುಂದುವರಿಯುವವನು ತೊಂದರೆಯಿದ್ದವನು. ಮೊದಲನೆಯ ಸಂಖ್ಯೆ ಸತ್ಯಕ್ಕಿಂತ ಮೇಲೆಯೂ ಎರಡನೆಯದು ಸತ್ಯಕ್ಕಿಂತ ಕೆಳಗೂ ಇರಬಹುದೆಂದು ಊಹಿಸಲು ಇಷ್ಟು ಸಾಕು.

ಹಾಗಾದರೆ ಎಲ್ಲ ಅಧ್ಯಯನಗಳನ್ನೂ ಒಟ್ಟುಗೂಡಿಸಿ ನೋಡಿದರೆ ಸತ್ಯ ದೊರೆಯುವುದೇ? ಲಂಡನ್ನಿನ ಎಂಗ್, ಮ್ಯಾನ್ ಮತ್ತು ಗುಲಾಬಿವಾಲ ೨೦೧೦ರಲ್ಲಿ ಈ ಪ್ರಯತ್ನವನ್ನು ಮಾಡಿದರು. ಅವರು ಪಡೆದ ಉಳಿವಿನ ಪ್ರಮಾಣ ಹೀಗಿದೆ: ಎರಡು ಮೂರು ವರ್ಷಗಳಿಗೆ ಶೇಕಡ ೮೬, ನಾಲ್ಕೈದು ವರ್ಷಗಳಿಗೆ ೯೩, ಎಂಟರಿಂದ ಹತ್ತು ವರ್ಷಗಳಿಗೆ ೮೭. ಸತ್ತವರು ಎದ್ದುಬಂದ ಹೊರತು ಮೂರನೆಯ ವರ್ಷಕ್ಕೆ ೮೬ ಇದ್ದವರು ಐದನೆಯ ವರ್ಷಕ್ಕೆ ೯೩ ಆಗುವಂತಿಲ್ಲ. ಕಿತ್ತ ಹಲ್ಲಂತೂ ಮರಳಿ ಬರುವುದಿಲ್ಲ. ಬೇರೆಬೇರೆ ಊರುಗಳ, ಬೇರೆಬೇರೆ ಜನರ, ಬೇರೆಬೇರೆ ಅಧ್ಯಯನಗಳು ಬೇರೆಬೇರೆ ಅವಧಿಗಳ ಖಾನೆಗಳಲ್ಲಿ ಬಿದ್ದುದರ ಫಲ ಇದು. ಸಂಗ್ರಾಹಕರು ಇದನ್ನು ಮುಚ್ಚಿಡಲಿಲ್ಲ. ಇದ್ದುದನ್ನು ಇದ್ದಂತೆ ಮುದ್ರಿಸಿದರು. ಆ ಕಾರಣದಿಂದಲೇ ಆ ಪ್ರಬಂಧ ವಿದ್ಯಾರ್ಥಿಗಳಿಗೆ ಒಳ್ಳೆಯ ಪಠ್ಯ. ಎಣಿಕೆಯಷ್ಟೇ ಅಲ್ಲ, ಉಳಿವಿಗೆ ನೆರವಾಗುವ ನಾಲ್ಕು ಸಂಗತಿಗಳನ್ನೂ ಅವರು ಗುರುತಿಸಿದರು: ಚಿಕಿತ್ಸೆಯ ಮೇಲೆ ಕ್ಯಾಪ್ ಹಾಕಿಸಿರುವುದು, ಎರಡು ಪಕ್ಕಗಳಲ್ಲಿಯೂ ನೆರೆಯ ಹಲ್ಲುಗಳಿರುವುದು, ಕಟ್ಟಿದ ಹಲ್ಲಿಗೆ ಅದನ್ನು ಆಧಾರಸ್ತಂಭವನ್ನಾಗಿ ಮಾಡದಿರುವುದು, ಮತ್ತು ಅದು ದವಡೆ ಹಲ್ಲಾಗದಿರುವುದು. ನಾಲ್ಕರಲ್ಲಿ ಒಂದಾದರೂ ನಾಳದ ಒಳಗಿನ ಕೆಲಸಕ್ಕೆ ಸಂಬಂಧಿಸಿದುದಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇಲ್ಲಿಯೇ ವಿಷಯದ ಮರ್ಮವಿದೆ. ೧೯೯೧ರಲ್ಲಿ ವೈರ್ ಎಂಬಾತನು ಬೇರುನಾಳ ಚಿಕಿತ್ಸೆಯಾಗಿದ್ದು ಅನಂತರ ಕೀಳಬೇಕಾಗಿ ಬಂದ ೧೧೬ ಹಲ್ಲುಗಳನ್ನು ಪರೀಕ್ಷಿಸಿ ಕಾರಣಗಳನ್ನು ವಿಂಗಡಿಸಿದನು. ಶೇಕಡ ೫೯.೪ ಹಲ್ಲುಗಳು ಹೋದದ್ದು ಮೇಲ್ಭಾಗ ಒಡೆದೋ, ಮೇಲಿನ ಕಟ್ಟಡ ಕೆಟ್ಟೋ. ೩೨ ಒಸಡಿನ ರೋಗದಿಂದ. ನಾಳದ ಚಿಕಿತ್ಸೆಯೇ ಕೆಟ್ಟು ಹೋದವು ೮.೬ ಮಾತ್ರ. ಎಂದರೆ ನಾವು 'ರೂಟ್ ಕೆನಾಲ್ ಎಷ್ಟು ವರ್ಷ ಬರುತ್ತದೆ' ಎಂದು ಕೇಳುವಾಗ ಪ್ರಶ್ನೆಯನ್ನೇ ತಪ್ಪು ವಿಳಾಸಕ್ಕೆ ಕಳುಹಿಸುತ್ತಿದ್ದೇವೆ. ಬೇರು ಗಟ್ಟಿಯಾಗಿಯೇ ಇರುತ್ತದೆ. ಮನೆಯ ಸೂರು ಬಿದ್ದಿರುತ್ತದೆ. ನರ ತೆಗೆದ ಹಲ್ಲು ರಸವಿಲ್ಲದೆ ಒಣಗಿದ ಕೊಂಬೆಯಂತೆ ಪೆಡಸಾಗುತ್ತದೆ, ಆದುದರಿಂದ ಒಡೆಯುತ್ತದೆ ಎಂಬ ವಿವರಣೆ ಬಹುಕಾಲ ಪ್ರಚಾರದಲ್ಲಿದ್ದಿತು. ರೀ, ಮೆಸ್ಸರ್ ಮತ್ತು ಡಗ್ಲಸ್ ೧೯೮೯ರಲ್ಲಿ ನಡೆಸಿದ ಪ್ರಯೋಗ ಇದನ್ನು ಅಲುಗಾಡಿಸಿತು. ಬೇರುನಾಳದ ಕೆಲಸ ಮಾತ್ರದಿಂದ ಹಲ್ಲಿನ ಬಿಗುವು ಕಡಿಮೆಯಾಗುವುದು ಶೇಕಡ ೫ರಷ್ಟು. ಹುಳುಕನ್ನು ಕೊರೆದು ಮುಂದಿನ ಹಿಂದಿನ ಅಂಚುಗಳೆರಡನ್ನೂ ಕಳೆದುಕೊಂಡಾಗ ಕಡಿಮೆಯಾಗುವುದು ೬೩ರಷ್ಟು. ಹಲ್ಲನ್ನು ದುರ್ಬಲಗೊಳಿಸಿದ್ದು ನರವನ್ನು ತೆಗೆದದ್ದಲ್ಲ. ಅದಕ್ಕೆ ಮೊದಲೇ ಹುಳುಕು ತಿಂದುಹಾಕಿದ ಗೋಡೆಗಳು.

ಕ್ಯಾಪ್ ಬೇಕೇ ಬೇಡವೇ ಎಂಬ ಪ್ರಶ್ನೆ ಹೀಗೆ ಮುಂದೆ ಬರುತ್ತದೆ. ಅಯೋವದ ಅಕ್ವಿಲಿನೊ ಮತ್ತು ಕ್ಯಾಪ್ಲನ್ ೨೦೦೨ರಲ್ಲಿ ಕ್ಯಾಪ್ ಇಲ್ಲದ ಹಲ್ಲುಗಳು ಇರುವವುಗಳಿಗಿಂತ ಆರು ಪಟ್ಟು ಹೆಚ್ಚಾಗಿ ನಷ್ಟವಾದುವೆಂದು ಬರೆದರು. ಮೇಲೆ ಹೇಳಿದ ೨೦೦೪ರ ಅಧ್ಯಯನದಲ್ಲಿಯೂ ಕಿತ್ತ ಹಲ್ಲುಗಳ ಪೈಕಿ ಶೇಕಡ ೮೫ಕ್ಕೆ ಕ್ಯಾಪ್ ಇರಲಿಲ್ಲ. ಇಂಡಿಯಾನದವರ ಲೆಕ್ಕವೂ ಇದೇ ದಾರಿಯದು: ತುಂಬುವಿಕೆ ಮತ್ತು ಕ್ಯಾಪ್ ಎರಡೂ ಆದ ಹಲ್ಲಿಗೆ ಸುಮಾರು ೨೦ ವರ್ಷ, ಎರಡರಲ್ಲಿ ಒಂದು ಮಾತ್ರ ಆದುದಕ್ಕೆ ಸುಮಾರು ೧೧, ಎರಡೂ ಇಲ್ಲದುದಕ್ಕೆ ಆರೂವರೆ. ಈ ಸಂಖ್ಯೆಗಳು ಪ್ರಬಲವಾದುವು. ಆದರೂ ತರ್ಕಶಾಸ್ತ್ರದ ವಿದ್ಯಾರ್ಥಿ ಇಲ್ಲಿ ಕೈಯೆತ್ತಬೇಕು. ಕ್ಯಾಪ್ ಹಾಕಿದ್ದರಿಂದ ಹಲ್ಲು ಉಳಿಯಿತೇ, ಅಥವಾ ಉಳಿಯುವ ಲಕ್ಷಣವಿದ್ದ ಹಲ್ಲಿಗೆ ಮಾತ್ರ ವೈದ್ಯನು ಕ್ಯಾಪ್ ಹಾಕಿದನೇ? ಹಣವಿದ್ದವನು ಕ್ಯಾಪನ್ನೂ ಹಾಕಿಸಿಕೊಂಡನು, ಆರು ತಿಂಗಳಿಗೊಮ್ಮೆ ಒಸಡನ್ನೂ ತೋರಿಸಿಕೊಂಡನು ಎಂದಾದರೆ, ಉಳಿಸಿದ ಪುಣ್ಯ ಯಾವುದಕ್ಕೆ ಸಲ್ಲಬೇಕು? ಈ ಸಂದೇಹವನ್ನು ಪರಿಹರಿಸತಕ್ಕದ್ದು ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸುವ ಪ್ರಯೋಗ. ಅಂಥವು ತೀರ ವಿರಳ. ಮನ್ನೋಚ್ಚಿ ಮತ್ತು ಅವರ ಸಂಗಡಿಗರು ೨೦೦೨ರಲ್ಲಿ ಪ್ರಕಟಿಸಿದ ಅಂಥದೊಂದರಲ್ಲಿ, ಹೆಚ್ಚು ಭಾಗ ನಷ್ಟವಾಗದಿದ್ದ ಮುಂದವಡೆಯ ಹಲ್ಲುಗಳಿಗೆ ಕೆಲವಕ್ಕೆ ಕ್ಯಾಪನ್ನೂ ಕೆಲವಕ್ಕೆ ಬರಿಯ ತುಂಬುವಿಕೆಯನ್ನೂ ಮಾಡಿ ಮೂರು ವರ್ಷ ನೋಡಿದಾಗ ಫಲ ಸಮಸಮವಾಗಿ ಬಂದಿತು. ಮೂರು ವರ್ಷ ಅಲ್ಪಕಾಲವೆಂಬುದು ನಿಜ. ದವಡೆ ಹಲ್ಲಿಗೆ ಇದು ಅನ್ವಯಿಸದೆಂಬುದೂ ನಿಜ. ಆದರೂ ಗೋಡೆಗಳು ಗಟ್ಟಿಯಾಗಿರುವ ಸಣ್ಣ ಹಲ್ಲಿಗೂ ಕ್ಯಾಪ್ ಅನಿವಾರ್ಯವೆಂದು ಬಡ ರೋಗಿಯನ್ನು ಹೆದರಿಸುವುದಕ್ಕೆ ಆಧಾರ ಸಾಲದು. ಎರಡು ಅಂಚುಗಳನ್ನೂ ಕಳೆದುಕೊಂಡ ದವಡೆ ಹಲ್ಲನ್ನು ಕ್ಯಾಪಿಲ್ಲದೆ ಬಿಡುವುದು ಮಾತ್ರ, ಚಿಕಿತ್ಸೆಗೆ ಕೊಟ್ಟ ಹಣವನ್ನು ಪಣಕ್ಕೆ ಇಟ್ಟಂತೆ.

ಒಳಗಿನ ಕೆಲಸ ಮುಖ್ಯವೇ, ಮೇಲಿನ ಮುಚ್ಚಳ ಮುಖ್ಯವೇ ಎಂಬ ಜಗಳವೂ ಈ ಸಾಹಿತ್ಯದಲ್ಲಿದೆ. ರೇ ಮತ್ತು ಟ್ರೋಪ್ ೧೯೯೫ರಲ್ಲಿ ೧೦೧೦ ಹಲ್ಲುಗಳ ಕ್ಷಕಿರಣ ಚಿತ್ರಗಳನ್ನು ನೋಡಿ, ಎರಡೂ ಚೆನ್ನಾಗಿರುವಲ್ಲಿ ಶೇಕಡ ೯೧.೪ ಹಲ್ಲುಗಳಲ್ಲಿ ರೋಗವಿಲ್ಲವೆಂದೂ, ನಾಳದ ಕೆಲಸ ಚೆನ್ನಾಗಿದ್ದು ಮುಚ್ಚಳ ಕೆಟ್ಟಿರುವಲ್ಲಿ ೪೪.೧ಕ್ಕೆ ಇಳಿಯಿತೆಂದೂ, ನಾಳದ ಕೆಲಸ ಕೆಟ್ಟಿದ್ದು ಮುಚ್ಚಳ ಚೆನ್ನಾಗಿರುವಲ್ಲಿ ೬೭.೬ ಇದ್ದಿತೆಂದೂ ಹೇಳಿದರು. ಮುಚ್ಚಳವೇ ಗೆದ್ದಿತೆಂದು ಎಲ್ಲರೂ ಬರೆಯತೊಡಗಿದರು. ಐದು ವರ್ಷಗಳ ಮೇಲೆ ನಾರ್ವೆಯ ಟ್ರಾನ್‌ಸ್ಟಾಡ್ ಅದೇ ರೀತಿಯಲ್ಲಿ ೧೦೦೧ ಹಲ್ಲುಗಳನ್ನು ನೋಡಿದಾಗ ಅದೇ ಖಾನೆಗಳಲ್ಲಿ ಬಂದದ್ದು ೮೧, ೭೧ ಮತ್ತು ೫೬. ಇಲ್ಲಿ ಒಳಗಿನ ಕೆಲಸ ಗೆದ್ದಿತು. ೨೦೧೧ರಲ್ಲಿ ಅಧ್ಯಯನಗಳನ್ನು ಕೂಡಿಸಿ ನೋಡಿದವರು ಎರಡೂ ಸಮವಾಗಿ ಮುಖ್ಯವೆಂದರು. ಕ್ಷಕಿರಣ ಚಿತ್ರದಲ್ಲಿ ಮುಚ್ಚಳ ಚೆನ್ನಾಗಿ ಕಂಡರೆ ಚೆನ್ನಾಗಿದೆಯೆಂದು ಭಾವಿಸುವುದೂ, ರೋಗ ಹಿಂದೆ ಹೇಗಿತ್ತೆಂದು ತಿಳಿಯದೆ ಇಂದಿನ ಒಂದೇ ಚಿತ್ರದಿಂದ ತೀರ್ಮಾನಿಸುವುದೂ ಇಬ್ಬರಿಗೂ ಸಮಾನವಾದ ದೋಷ. ಈ ವಿವಾದದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ.

ಕುದೇರಿನ ರೈತನಿಗೆ ಇದರಲ್ಲಿ ಅನ್ವಯಿಸುವ ಭಾಗ ಯಾವುದು? ನೋವು ನಿಂತ ಮೇಲೆ ಹಲ್ಲಿಗೆ ಇಟ್ಟ ತಾತ್ಕಾಲಿಕ ಸಿಮೆಂಟನ್ನೇ ನಂಬಿಕೊಂಡು ಕೊಯ್ಲು ಮುಗಿಯಲಿ, ಹಬ್ಬ ಕಳೆಯಲಿ, ಹಾಲಿನ ಬಟವಾಡೆ ಬರಲಿ ಎಂದು ದಿನ ತಳ್ಳುವುದು ಸಹಜ. ಆ ಸಿಮೆಂಟು ಕೆಲವು ವಾರಗಳಿಗೆ ಮಾಡಿದುದು, ತಿಂಗಳುಗಟ್ಟಲೆ ನಿಲ್ಲುವುದಕ್ಕಲ್ಲ. ಅದು ಸವೆದ ಮೇಲೆ ಉಗುಳಿನೊಡನೆ ಸೂಕ್ಷ್ಮಜೀವಿಗಳು ನಾಳಕ್ಕೆ ಮರಳುತ್ತವೆ. ನೋವನ್ನು ಹೇಳಬೇಕಾದ ನರವನ್ನು ತೆಗೆದಿರುವುದರಿಂದ ಹಲ್ಲಿನ ಒಳಗಿನಿಂದ ಎಚ್ಚರಿಕೆ ಬರುವುದಿಲ್ಲ. ವಿಮೆಯ ಪುಸ್ತಕದ ಶೇಕಡ ೯೭ರಲ್ಲಿ ಈ ಕಥೆಗೆ ಸ್ಥಳವಿಲ್ಲ. ನಮ್ಮ ನಾಡಿನಲ್ಲಿ ದಂತಶಿಕ್ಷಣಕ್ಕೆ ಕೊರತೆಯಿಲ್ಲ. ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು ೧೯೫೮ರಲ್ಲಿಯೂ ಮಣಿಪಾಲದ್ದು ೧೯೬೫ರಲ್ಲಿಯೂ ಮೈಸೂರಿನ ಜೆ.ಎಸ್.ಎಸ್. ದಂತವೈದ್ಯ ಕಾಲೇಜು ೧೯೮೬ರಲ್ಲಿಯೂ ಪ್ರಾರಂಭವಾದುವು. ಇಂದು ರಾಜ್ಯದಲ್ಲಿ ಇಂಥ ಸಂಸ್ಥೆಗಳು ಹತ್ತಾರು. ಇವುಗಳ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ವರ್ಷಂಪ್ರತಿ ತುಂಬುವ ನಾಳಗಳಿಗೆ ಲೆಕ್ಕವಿಲ್ಲ. ಆ ಹಲ್ಲುಗಳನ್ನು ಹತ್ತು ವರ್ಷಗಳ ಮೇಲೆ ಹಳ್ಳಿಗಳಲ್ಲಿ ಹುಡುಕಿ ನೋಡುವ ಕೆಲಸವೇ ಉಮಿಯೊದವರು ಮಾಡಿದ ಕೆಲಸ. ಅದಕ್ಕೆ ಬೇಕಾದುದು ದುಬಾರಿ ಯಂತ್ರವಲ್ಲ, ವಿಳಾಸ ಬರೆದಿಟ್ಟ ಪುಸ್ತಕ ಮತ್ತು ಬಸ್ಸಿನ ಖರ್ಚು. ಸರಕಾರದ ನೀತಿಯಲ್ಲಿಯೂ ಒಂದು ವೈಚಿತ್ರ್ಯವಿದೆ. ೨೦೧೪ರಲ್ಲಿ ಕರ್ನಾಟಕದಲ್ಲಿ ಪ್ರಾರಂಭವಾದ 'ದಂತಭಾಗ್ಯ' ಯೋಜನೆ ಹಲ್ಲುಗಳನ್ನೆಲ್ಲ ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ಕೃತಕ ದಂತಪಂಕ್ತಿಯನ್ನು ಕೊಡುವ ಉದ್ದೇಶದ್ದು. ಉದಾರವಾದ ಯೋಜನೆ, ಮುದುಕರು ಮತ್ತೆ ರಾಗಿಮುದ್ದೆಯ ಜೊತೆಗಿನ ಕಾಳುಸಾರನ್ನು ಅಗಿದು ತಿನ್ನುವಂತಾಗುವುದು ಸಣ್ಣ ಮಾತಲ್ಲ. ಆದರೆ ಅದರ ಭಾಗ್ಯ ದೊರೆಯಬೇಕಾದರೆ ಹಲ್ಲುಗಳೆಲ್ಲ ಹೋಗಿರಬೇಕು. ಒಂದು ದವಡೆ ಹಲ್ಲಿನ ಮೇಲೆ ಸಕಾಲದಲ್ಲಿ ಒಂದು ಕ್ಯಾಪ್ ಕೂರಿಸುವುದು ಆ ಭಾಗ್ಯದ ವ್ಯಾಪ್ತಿಗೆ ಬರುವುದಿಲ್ಲ.

ಚಿಕಿತ್ಸೆಯ ಅನಂತರದ ವಿಷಯಕ್ಕೆ ಬಂದರೆ, ಭಯದ ಇತಿಹಾಸವೊಂದನ್ನು ಹೇಳದೆ ಮುಂದುವರಿಯುವಂತಿಲ್ಲ. ೧೯೧೦ರಲ್ಲಿ ವಿಲಿಯಂ ಹಂಟರ್ ಎಂಬ ಲಂಡನ್ನಿನ ವೈದ್ಯನು ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಭಾಷಣದಲ್ಲಿ, ಕೊಳೆತ ಬೇರುಗಳ ಮೇಲೆ ಚಿನ್ನದ ಕಟ್ಟಡಗಳನ್ನು ಎಬ್ಬಿಸುವ ದಂತವೈದ್ಯರನ್ನು ಉಗ್ರವಾಗಿ ಖಂಡಿಸಿದನು. ಆ ಬೇರುಗಳಿಂದ ದೇಹಕ್ಕೆಲ್ಲ ವಿಷ ಹರಡುತ್ತದೆಂಬ ವಾದ ಹಬ್ಬಿತು. ವೆಸ್ಟನ್ ಪ್ರೈಸ್ ೧೯೨೦ರ ದಶಕದಲ್ಲಿ ಅದಕ್ಕೆ ಪ್ರಯೋಗಗಳ ಬೆಂಬಲವಿದೆಯೆಂದನು. ಸಂಧಿವಾತಕ್ಕೆಂದು, ಕಾರಣ ತಿಳಿಯದ ಜ್ವರಕ್ಕೆಂದು ಅಸಂಖ್ಯ ಹಲ್ಲುಗಳು ಉದುರಿದುವು. ರೋಗಗಳು ಮಾತ್ರ ಉಳಿದುಕೊಂಡುವು. ಪ್ರೈಸನ ಪ್ರಯೋಗಗಳು ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಈಚೆಗೆ ಅದೇ ವಾದ ಹೊಸ ವೇಷದಲ್ಲಿ ಮರಳಿ ಬಂದು ರೂಟ್ ಕೆನಾಲಿನಿಂದ ಕ್ಯಾನ್ಸರ್ ಬರುತ್ತದೆಂದು ಹೆದರಿಸುತ್ತಿದೆ, ಅದಕ್ಕೆ ಆಧಾರವಿಲ್ಲ. ಆದರೆ ಹಂಟರನ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವುದೂ ಸರಿಯಲ್ಲ. ಅವನು ಕಂಡದ್ದು ಸೋಂಕನ್ನು ಒಳಗೇ ಬಿಟ್ಟು ಮೇಲೆ ಮುಚ್ಚಿದ ಹಲ್ಲುಗಳನ್ನು. ಆ ಟೀಕೆಯ ಏಟಿನಿಂದಲೇ ದಂತವೈದ್ಯವೃತ್ತಿ ಕ್ಷಕಿರಣ ಚಿತ್ರವನ್ನೂ ಶುಚಿತ್ವವನ್ನೂ ಹೆಚ್ಚು ಗಂಭೀರವಾಗಿ ಕಂಡಿತು.

ಚಿಕಿತ್ಸೆಯಾದ ಹಲ್ಲಿನ ಬುಡದಲ್ಲಿ ಕ್ಷಕಿರಣ ಚಿತ್ರವು ಕಪ್ಪು ಮಚ್ಚೆಯನ್ನು ತೋರಿಸಿದರೆ ಏನು ಮಾಡತಕ್ಕದ್ದು? ಸ್ಟ್ರಿಂಡ್‌ಬರ್ಗನ ಅಳತೆಯಲ್ಲಿ ಅದು ಸೋಲು. ರೋಗಿಯ ಅನುಭವದಲ್ಲಿ ಏನೂ ಇಲ್ಲದಿರಬಹುದು. ಸಿಂಗಪುರದಲ್ಲಿ ಇಂಥ ಮಚ್ಚೆ ಉಳಿದುಕೊಂಡ ಹಲ್ಲುಗಳನ್ನೇ ಆರಿಸಿ ನಡೆಸಿ ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಪ್ಪತ್ತು ವರ್ಷಗಳ ಅವಧಿಗೆ ಬಾವು ಮತ್ತು ತೀವ್ರ ನೋವು ಕಾಣಿಸಿಕೊಂಡ ಪ್ರಮಾಣ ಶೇಕಡ ೫.೮ ಮಾತ್ರ, ಸಣ್ಣಪುಟ್ಟ ನೋವು ಇದಕ್ಕಿಂತ ಬಹಳ ಹೆಚ್ಚು ಮಂದಿಗೆ ಬಂದಿತ್ತು. ಮಚ್ಚೆ ಕಂಡ ಕೂಡಲೇ ಕೀಳಿಸಲು ಓಡಬೇಕಾಗಿಲ್ಲವೆಂಬುದು ಇದರಿಂದ ತೋರುತ್ತದೆ. ಹೊಸ ಮಾದರಿಯ ಮೂರು ಆಯಾಮದ ಕ್ಷಕಿರಣ ಯಂತ್ರಗಳು ಹಳೆಯ ಚಿತ್ರದಲ್ಲಿ ಕಾಣದ ಮಚ್ಚೆಗಳನ್ನೂ ತೋರಿಸುತ್ತವೆ. ಯಂತ್ರ ಸೂಕ್ಷ್ಮವಾದಷ್ಟೂ ಸೋಲುಗಳ ಸಂಖ್ಯೆ ಏರುತ್ತದೆ, ಹಲ್ಲು ಮಾತ್ರ ಮೊದಲಿದ್ದಂತೆಯೇ ಇರುತ್ತದೆ. ಇದಕ್ಕೆ ಎದುರಾದ ಸಂಗತಿಯೂ ಉಂಟು. ಚಿತ್ರದಲ್ಲಿ ಎಲ್ಲವೂ ಸರಿಯಾಗಿದ್ದು ನೋವು ಮಾತ್ರ ಹೋಗದಿರುವುದು. ಆರು ತಿಂಗಳ ಮೇಲೆಯೂ ನೋವು ಉಳಿದವರು ಶೇಕಡ ೫.೩ ಎಂದು ೨೦೧೦ರ ಒಂದು ಸಂಗ್ರಹ ಹೇಳುತ್ತದೆ. ಇವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ನೋವಿನ ಮೂಲ ಹಲ್ಲೇ ಅಲ್ಲದಿರಬಹುದು. ದವಡೆಯ ಸ್ನಾಯುವಿನ ನೋವೋ ಮುಖದ ನರದ ನೋವೋ ಹಲ್ಲಿನ ವೇಷ ಹಾಕಿರುತ್ತದೆ. ಅಂಥವರು ಒಂದಾದ ಮೇಲೊಂದು ಹಲ್ಲನ್ನು ಕೀಳಿಸಿಕೊಂಡೂ ನೋವನ್ನು ಹಾಗೆಯೇ ಹೊತ್ತು ತಿರುಗುವುದುಂಟು.

ನಿಜವಾಗಿಯೇ ಚಿಕಿತ್ಸೆ ಕೆಟ್ಟಲ್ಲಿ ಮೂರು ದಾರಿಗಳಿವೆ. ಹಳೆಯ ತುಂಬುವಿಕೆಯನ್ನು ತೆಗೆದು ನಾಳವನ್ನು ಮತ್ತೆ ಶೋಧಿಸುವುದು ಮೊದಲನೆಯದು. ಮೊದಲ ಸಲ ಕಣ್ಣಿಗೆ ಬೀಳದ ನಾಳವೊಂದು ಇದ್ದರೆ ಇದು ಸಾರ್ಥಕ. ಮೇಲಿನ ಮೊದಲ ದವಡೆ ಹಲ್ಲಿನ ನಾಲ್ಕನೆಯ ನಾಳ ಹೀಗೆ ತಪ್ಪಿಸಿಕೊಳ್ಳುವುದರಲ್ಲಿ ಪ್ರಸಿದ್ಧವಾದುದು. ಒಸಡನ್ನು ಬಿಡಿಸಿ ಬೇರಿನ ತುದಿಯನ್ನೇ ಕತ್ತರಿಸಿ ಆ ಕಡೆಯಿಂದ ಮುಚ್ಚುವ ಶಸ್ತ್ರಕ್ರಿಯೆ ಎರಡನೆಯದು. ಮೇಲೆ ಒಳ್ಳೆಯ ಕ್ಯಾಪ್ ಇದ್ದು ಅದನ್ನು ಒಡೆಯಲು ಮನಸ್ಸಿಲ್ಲದಿದ್ದಾಗ ಇದನ್ನು ಆರಿಸುತ್ತಾರೆ. ಮೂರನೆಯದು ಕೀಳುವುದು. ಬೇರು ಉದ್ದುದ್ದವಾಗಿ ಸೀಳಿದ್ದರೆ ಮೊದಲೆರಡರ ಮಾತೇ ಇಲ್ಲ. ಎರಡನೆಯ ಸಲದ ಚಿಕಿತ್ಸೆಗೆ ಮೊದಲನೆಯದಕ್ಕಿಂತ ಹೆಚ್ಚು ಹಣ, ಹೆಚ್ಚು ಕಾಲ, ಹೆಚ್ಚು ನುರಿತ ಕೈ ಬೇಕು. ಚಾಮರಾಜನಗರದ ಕಡೆಯ ರೋಗಿ ಇದಕ್ಕಾಗಿ ಬಹುಮಟ್ಟಿಗೆ ಮೈಸೂರಿನ ಬಸ್ಸನ್ನು ಹತ್ತಬೇಕಾಗುತ್ತದೆ. ಅಲ್ಲಿ ಅವನು ಕೇಳಬೇಕಾದ ಪ್ರಶ್ನೆ ಎಷ್ಟು ವರ್ಷ ಬರುತ್ತದೆಂಬುದಲ್ಲ. ಹಲ್ಲಿನ ಗೋಡೆ ಒಸಡಿನಿಂದ ಮೇಲೆ ಎಷ್ಟು ಉಳಿದಿದೆ, ಬೇರು ಸೀಳಿದೆಯೇ, ಹಿಂದಿನ ಚಿತ್ರಕ್ಕೂ ಇಂದಿನ ಚಿತ್ರಕ್ಕೂ ಮಚ್ಚೆ ಬೆಳೆದಿದೆಯೇ ಎಂಬುದನ್ನು ಕೇಳಬೇಕು. ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕಬೇಕಾದರೆ ಮೊದಲ ಸಲದ ಚಿತ್ರ ಅವನ ಕೈಯಲ್ಲಿರಬೇಕು. ಚಿಕಿತ್ಸೆ ಮುಗಿದ ದಿನ ತೆಗೆದ ಆ ಚಿತ್ರವನ್ನು ರೋಗಿಗೆ ಕೊಟ್ಟು, ಹಲ್ಲಿನ ಹೆಸರನ್ನೂ ತಾರೀಖನ್ನೂ ಕನ್ನಡದಲ್ಲಿ ಬರೆದು ಕಳುಹಿಸುವ ಪದ್ಧತಿ ನಮ್ಮ ಚಿಕಿತ್ಸಾಲಯಗಳಲ್ಲಿ ಇನ್ನೂ ರೂಢಿಗೆ ಬರಬೇಕಾಗಿದೆ.